ಅಗ್ಗದ ಅನುಕೃತಿ ಕೋವಿ: ಗುರುತಿಸುವ ಬಗೆ, ಬಳಸುವ ಬಗೆ

ಅಮೆರಿಕದ ಸಣ್ಣ ಊರುಗಳ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ, ಮನೆಯ ಹಿರಿಯರು ತೀರಿಹೋದ ಬಳಿಕ ಅವರ ವಸ್ತುಗಳನ್ನೆಲ್ಲ ಅಂಗಳದಲ್ಲಿ ಹರಡಿ ಮಾರುವ ಹರಾಜುಗಳಲ್ಲಿಯೂ, ಎಂಟು ಪಟ್ಟೆಯ ನೀಳವಾದ ನಳಿಗೆಯನ್ನೂ ಹಿತ್ತಾಳೆಯ ಕಟ್ಟುಗಳನ್ನೂ ಪಕ್ಕದಲ್ಲಿ ದೊಡ್ಡದೊಂದು ಕುದುರೆಯನ್ನೂ ಉಳ್ಳ ಕೋವಿಯೊಂದು ಮೂಲೆಗೆ ಒರಗಿ ನಿಂತಿರುವುದು ಅಪೂರ್ವವಾದ ದೃಶ್ಯವೇನೂ ಅಲ್ಲ. ನಳಿಗೆಯ ಬಾಯಿಯಿಂದಲೇ ಮದ್ದನ್ನು ಸುರಿದು, ಗುಂಡನ್ನಿಟ್ಟು, ಗಜದಿಂದ ತಳದವರೆಗೆ ದೂಡಿ ಈಡು ತುಂಬಬೇಕಾದ ಈ ಜಾತಿಯ ಕೋವಿ ನಮ್ಮ ಮಲೆನಾಡಿನವರಿಗೆ ಕೇಪಿನ ಕೋವಿಯೆಂದು ಚಿರಪರಿಚಿತವಾದದ್ದು. ಆದರೆ ಆ ಅಂಗಡಿಗಳಲ್ಲಿ ಕಾಣಸಿಗುವವುಗಳಲ್ಲಿ ಹೆಚ್ಚಿನವು ಮುತ್ತಜ್ಜಂದಿರ ಕಾಲದ ಸೊತ್ತಲ್ಲ, ಕಳೆದ ಎಪ್ಪತ್ತು ವರ್ಷಗಳೀಚೆಗೆ ಇಟಲಿ, ಸ್ಪೇನ್ ಮೊದಲಾದ ದೇಶಗಳ ಕಾರ್ಖಾನೆಗಳಲ್ಲಿ ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ಮಾಡಿದ ಅನುಕೃತಿಗಳು. ಪುರಾತನ ವಸ್ತುಗಳ ಸಂಗ್ರಾಹಕರು ಇವುಗಳನ್ನು ಅನಾದರದಿಂದ ನೋಡುವುದುಂಟು. ಬೇಟೆಯ ಆಸಕ್ತಿಯುಳ್ಳವರು ಆಟಿಕೆಯೆಂದು ತಳ್ಳಿಹಾಕುವುದೂ ಉಂಟು. ನನ್ನ ಅಭಿಪ್ರಾಯ ಹಾಗಿಲ್ಲ. ತಾನು ಯಾರು, ಎಲ್ಲಿಯದು, ಯಾವ ಕಾಲದ್ದು ಎಂಬುದನ್ನು ತನ್ನ ಮೈಮೇಲೆಯೇ ಬರೆದುಕೊಂಡು ಬಂದಿರುವ ಅಗ್ಗದ ಅನುಕೃತಿಯು ಪ್ರಾಮಾಣಿಕವಾದ ವಸ್ತು. ಆ ಬರಹವನ್ನು ಓದಲು ಕಲಿತು, ಅದರ ನಿಧಾನಗತಿಗೆ ತಾನೂ ಒಗ್ಗಿಕೊಳ್ಳಬಲ್ಲವನಿಗೆ ಅದು ಕೊಡುವ ಸಂತೋಷವು ದುಬಾರಿಯ ಬಂದೂಕು ಕೊಡುವ ಸಂತೋಷಕ್ಕಿಂತ ಯಾವ ರೀತಿಯಲ್ಲಿಯೂ ಕಡಮೆಯದಲ್ಲ.

ಗುರುತಿನ ಮಾತಿಗೆ ತೊಡಗುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. ಕೈಗೆ ಬಂದ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕು. ತೋಟಾ ಕೋವಿಯನ್ನಾದರೆ ಮಡಿಸಿ ನೋಡಿ ಹೇಳಬಹುದು. ಇದರ ತಳ ಭದ್ರವಾಗಿ ಮುಚ್ಚಿರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಕರಿಮದ್ದಾದರೋ ಒಣಗಿದ್ದಷ್ಟು ಕಾಲವೂ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲವಾದ್ದರಿಂದ, ಗೋಡೆಯ ಮೇಲೆ ದಶಕಗಳ ಕಾಲ ತೂಗಿದ ಕೋವಿಯ ಹೊಟ್ಟೆಯಲ್ಲಿಯೂ ಜೀವವುಳ್ಳ ಈಡು ಉಳಿದಿರಬಹುದು. ಇದಕ್ಕೆ ಉಪಾಯ ಅತ್ಯಂತ ಸರಳವಾದದ್ದು: ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಮುಖವನ್ನೂ ಕೈಯನ್ನೂ ಬಾಯಿಯ ನೇರಕ್ಕೆ ತಾರದೆ ಪಕ್ಕದಿಂದ ಗಜವನ್ನು ಒಳಕ್ಕೆ ಮೆಲ್ಲಗೆ ಬಿಟ್ಟು, ಅದು ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಗುರುತು ಮಾಡಿ, ಹೊರಕ್ಕೆ ತೆಗೆದು, ಅದೇ ಗುರುತನ್ನು ಬಾಯಿಗೆ ಹೊಂದಿಸಿ ನಳಿಗೆಯ ಹೊರಮೈಗೆ ಒತ್ತಿ ಹಿಡಿಯಬೇಕು. ಗಜದ ತುದಿಯು ಕಿಡಿ ಹುಟ್ಟಿಸುವ ಕೇಪು ಕೂರುವ ಮೊಲೆಯ, ಇಲ್ಲವೇ ಚಕಮಕಿ ಕೋವಿಯಾದರೆ ರಂಜಕದ ಕಿವಿಯ, ಸಮೀಪಕ್ಕೆ ಬಂದರೆ ಒಳಗೆ ಖಾಲಿ. ಒಂದೆರಡು ಅಂಗುಲದಷ್ಟು ಹಿಂದೆಯೇ ನಿಂತರೆ ಒಳಗೆ ಏನೋ ಇದೆಯೆಂದೇ ಅರ್ಥ. ಹಾಗಿದ್ದಲ್ಲಿ ಮುಂದಿನ ಪರೀಕ್ಷೆಯನ್ನೆಲ್ಲ ನಿಲ್ಲಿಸಿ ತಿಳಿದ ಕೋವಿ ಕೆಲಸಗಾರನಲ್ಲಿಗೆ ಒಯ್ಯಬೇಕು. ಮಾರುವವನು ಖಾಲಿಯೆಂದು ಪ್ರಮಾಣ ಮಾಡಿದರೂ ಈ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ.

ಈ ಅನುಕೃತಿಗಳು ಹುಟ್ಟಿಕೊಂಡ ಬಗೆಯನ್ನು ತಿಳಿದರೆ ಅವುಗಳ ಗುರುತು ಸುಲಭವಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಅಮೆರಿಕದಲ್ಲಿ ಹಳೆಯ ಕೋವಿಗಳಿಂದ ಗುರಿ ಹೊಡೆಯುವ ಹವ್ಯಾಸಿಗಳು ಒಂದುಗೂಡಿ ೧೯೩೩ರಲ್ಲಿ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದ್ದರು. ಇಂಡಿಯಾನಾ ಸಂಸ್ಥಾನದ ಫ್ರೆಂಡ್‌ಶಿಪ್ ಎಂಬ ಹಳ್ಳಿಯಲ್ಲಿ ಅದರ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ಮೂಲ ಕೋವಿಗಳು ವಿರಳವಾಗಿ ಬೆಲೆ ಏರುತ್ತ ಹೋದಂತೆ ಹೊಸದಾಗಿ ಮಾಡಿಸುವ ಯೋಚನೆ ಬಂದದ್ದು ಸಹಜವೇ. ಟೆನೆಸ್ಸಿಯ ಯೂನಿಯನ್ ಸಿಟಿಯಲ್ಲಿ ಟರ್ನರ್ ಕರ್ಕ್‌ಲೆಂಡ್ ೧೯೫೪ರಲ್ಲಿ ಡಿಕ್ಸಿ ಗನ್ ವರ್ಕ್ಸ್ ಅಂಗಡಿಯನ್ನು ತೆರೆದರು. ಅದೇ ದಶಕದ ಕೊನೆಯ ಭಾಗದಲ್ಲಿ ನೇವಿ ಆರ್ಮ್ಸ್ ಸಂಸ್ಥೆಯ ವಾಲ್ ಫೋರ್ಜೆಟ್ ಇಟಲಿಯ ಕುಶಲಕರ್ಮಿಗಳಿಂದ ಹಳೆಯ ಕೋಲ್ಟ್ ರಿವಾಲ್ವರುಗಳ ಅನುಕೃತಿಗಳನ್ನು ಮಾಡಿಸತೊಡಗಿದರು. ಬ್ರೆಷ್ಯಾ ನಗರದ ಉತ್ತರಕ್ಕಿರುವ ತ್ರೋಂಪಿಯಾ ಕಣಿವೆಯ ಗಾರ್ದೋನೆ ಪಟ್ಟಣವು ವೆನಿಸ್ ಗಣರಾಜ್ಯದ ಕಾಲದಿಂದಲೂ ನಳಿಗೆ ಬಡಿಯುವವರ ಊರು. ಅಲ್ಲಿ ದಾವಿದೆ ಪೆದೆರ್ಸೋಲಿ ಸಂಸ್ಥೆ ೧೯೫೭ರಲ್ಲಿಯೂ ಆಲ್ದೋ ಉಬೆರ್ತಿಯದು ೧೯೫೯ರಲ್ಲಿಯೂ ಆರಂಭವಾದುವು. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವವು ೧೯೬೧ರಿಂದ ೧೯೬೫ರವರೆಗೆ ನಡೆದಾಗ ಹಳೆಯ ಸಮವಸ್ತ್ರವನ್ನುಟ್ಟು ಕದನಗಳನ್ನು ಅಭಿನಯಿಸುವವರ ಸಂಖ್ಯೆ ಬೆಳೆದು ಈ ಉದ್ಯಮಕ್ಕೆ ಬಲ ಬಂತು. ೧೯೭೬ರ ಸ್ವಾತಂತ್ರ್ಯದ ದ್ವಿಶತಮಾನೋತ್ಸವ ಮತ್ತೊಮ್ಮೆ ಅದಕ್ಕೆ ಬಲ ಕೊಟ್ಟಿತು. ಸ್ಪೇನಿನ ಬಾಸ್ಕ್ ಸೀಮೆಯ ಐಬಾರ್ ಪಟ್ಟಣದ ಸುತ್ತಿನ ಕಾರ್ಖಾನೆಗಳಿಂದ ಅತ್ಯಂತ ಅಗ್ಗದ ಕೋವಿಗಳು ಬಂದದ್ದು ಈ ಎರಡನೆಯ ಅಲೆಯಲ್ಲಿ.

ಮೂಲೆಗೆ ಒರಗಿ ನಿಂತ ಕೋವಿ ಮೂರು ಜಾತಿಗಳಲ್ಲಿ ಒಂದಾಗಿರಬಹುದು: ನಿಜವಾದ ಪುರಾತನ ಕೋವಿ, ಗುಂಡು ಹಾರಿಸಬಲ್ಲ ಅನುಕೃತಿ, ಅಥವಾ ಗೋಡೆಯ ಅಲಂಕಾರಕ್ಕೆಂದೇ ಎರಕ ಹೊಯ್ದ ಬೊಂಬೆ. ಈ ಮೂರನೆಯದು ಅಪಾಯಕಾರಿಯಾದದ್ದು. ಏಕೆಂದರೆ ದೂರದಿಂದ ನೋಡಿದರೆ ಅದು ಮಿಕ್ಕೆರಡರಷ್ಟೇ ಗಂಭೀರವಾಗಿ ಕಾಣಿಸುತ್ತದೆ. ಸತುವಿನ ಮಿಶ್ರಲೋಹದಲ್ಲಿ ಇಂಥ ಬೊಂಬೆಗಳನ್ನು ಎರಕ ಹೊಯ್ಯುವ ಉದ್ಯಮ ಸ್ಪೇನಿನಲ್ಲಿ ದೊಡ್ಡದಾಗಿ ಬೆಳೆದಿದೆ. ಸಣ್ಣದೊಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು: ನಳಿಗೆಗೆ ಅದು ಕಚ್ಚದಿದ್ದರೆ ಆ ನಳಿಗೆ ಉಕ್ಕಿನದಲ್ಲ, ಅದರಲ್ಲಿ ಮದ್ದು ತುಂಬಬಾರದು. ಅಯಸ್ಕಾಂತ ಕಚ್ಚಿದ ಮಾತ್ರಕ್ಕೆ ಕೋವಿ ಸಾಚಾ ಎಂದು ನಂಬುವಂತೆಯೂ ಇಲ್ಲ. ಸಾಮಾನ್ಯ ಕಬ್ಬಿಣದ ಕೊಳವೆಯನ್ನು ಇಟ್ಟು ಮಾಡಿದ ಅಲಂಕಾರದ ಕೋವಿಗಳೂ ಇವೆ. ಮೊಲೆಯಲ್ಲಿ ರಂಧ್ರವೇ ಇಲ್ಲದಿರುವುದು, ಕಿವಿಯನ್ನು ಕೊರೆಯದಿರುವುದು, ಎರಕದ ಸಂದು ನಳಿಗೆಯ ಉದ್ದಕ್ಕೂ ಗೆರೆಯಾಗಿ ಕಾಣುವುದು, ತಿರುಪಿನ ತಲೆಯಂತೆ ಕಾಣುವುದು ಬರಿಯ ಉಬ್ಬು ಚಿತ್ರವಾಗಿರುವುದು ಇವೆಲ್ಲ ಬೊಂಬೆಯ ಲಕ್ಷಣಗಳು. ನಮ್ಮ ಭಾರತದಲ್ಲಿ ತಯಾರಾಗಿ ಅಮೆರಿಕ, ಕೆನಡಾಗಳಿಗೆ ಹೋಗುವ ಚಕಮಕಿ ಕೋವಿಗಳಲ್ಲಿಯೂ ಅನೇಕವು ಕಿವಿ ಕೊರೆಯದೆಯೇ ಮಾರಾಟವಾಗುತ್ತವೆಂಬುದನ್ನು ಇಲ್ಲಿ ನೆನೆಯಬೇಕು. ಅವು ನೋಟಕ್ಕೆ ಸೊಗಸಾಗಿರುತ್ತವೆ, ನಾಟಕಕ್ಕೂ ಮೆರವಣಿಗೆಗೂ ಒಪ್ಪುತ್ತವೆ. ಆದರೆ ಸರ್ಕಾರದ ಪರೀಕ್ಷಾಶಾಲೆಯ ಮುದ್ರೆಯಿಲ್ಲದ ನಳಿಗೆಗೆ ಮನೆಯಲ್ಲಿಯೇ ಕಿವಿ ಕೊರೆದು ಮದ್ದು ತುಂಬುವ ಸಾಹಸವನ್ನು ನಾನು ಯಾರಿಗೂ ಹೇಳಲಾರೆ.

ಪುರಾತನಕ್ಕೂ ಅನುಕೃತಿಗೂ ಇರುವ ಭೇದವನ್ನು ಮೊದಲು ಕೈಗೆಲಸದಲ್ಲಿ ಹುಡುಕಬೇಕು. ಸುತ್ತಿಗೆಯಿಂದ ಬಡಿದು ಅರದಿಂದ ತೀಡಿದ ಹಳೆಯ ನಳಿಗೆಯ ಎಂಟು ಪಟ್ಟೆಗಳೂ ಒಂದೇ ಅಗಲವಾಗಿರುವುದು ಅಪರೂಪ. ಯಂತ್ರದಲ್ಲಿ ಕಡೆದದ್ದರಲ್ಲಿ ಅವು ಕೂದಲೆಳೆಯಷ್ಟೂ ಭೇದವಿಲ್ಲದೆ ಸಮನಾಗಿರುತ್ತವೆ. ಹಳೆಯದರಲ್ಲಿ ಒಂದು ತಿರುಪಿನಂತೆ ಇನ್ನೊಂದಿರುವುದಿಲ್ಲ. ಸವೆತವೂ ಕೈ ತಾಕುವಲ್ಲಿ, ಭುಜ ಒರಗುವಲ್ಲಿ, ಗಜ ಉಜ್ಜುವ ಬಾಯಿಯ ಅಂಚಿನಲ್ಲಿ ಮಾತ್ರ ಕಾಣಿಸುತ್ತದೆ. ಕೃತಕವಾಗಿ ಹಳತು ಮಾಡಿದ್ದರಲ್ಲಿ ಎಲ್ಲೆಡೆಯೂ ಒಂದೇ ಸಮನಾಗಿ ಹರಡಿರುತ್ತದೆ. ಇವೆಲ್ಲಕ್ಕಿಂತ ನಿಶ್ಚಿತವಾದ ಸಾಕ್ಷಿ ಅಕ್ಷರಗಳದು. ನಳಿಗೆಯ ಮೇಲೆ ದಶಮಾಂಶದಲ್ಲಿ ರಂಧ್ರದ ಅಳತೆ, ಕರಿಮದ್ದನ್ನು ಮಾತ್ರ ಬಳಸಬೇಕೆಂಬ ಇಂಗ್ಲಿಷ್ ಎಚ್ಚರಿಕೆ, ದೇಶದ ಹೆಸರು ಇವುಗಳಲ್ಲಿ ಯಾವುದೊಂದು ಕಂಡರೂ ಅದು ನಮ್ಮ ಕಾಲದ ಕೋವಿಯೆಂದು ತಿಳಿಯಬಹುದು. ಈ ಅಕ್ಷರಗಳನ್ನು ಅರದಿಂದ ಉಜ್ಜಿ ಅಳಿಸಿ, ಆಮ್ಲದಲ್ಲಿ ಕಂದಿಸಿ, ಪುರಾತನವೆಂದು ಮಾರುವ ವಂಚಕರಿದ್ದಾರೆ; ಆದುದರಿಂದ ಪಟ್ಟೆಯೊಂದು ಅಕ್ಷರವಿರಬೇಕಾದೆಡೆಯಲ್ಲಿ ತುಸು ತಗ್ಗಾಗಿದ್ದರೆ, ಅಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿ ನೋಡಬೇಕು. ಅಳಿಸಿದವನು ಇತಿಹಾಸವನ್ನೂ ಸುರಕ್ಷತೆಯನ್ನೂ ಒಂದೇ ಕೈಯಿಂದ ಕೆಡಿಸಿದನೆಂದು ನನ್ನ ಭಾವನೆ.

ಇಟಲಿಯ ಕೋವಿಗಳ ಮುದ್ರೆಗಳನ್ನು ಓದುವುದು ಈ ಹವ್ಯಾಸದ ಬಹು ದೊಡ್ಡ ರಸಗಳಲ್ಲೊಂದು. ಆ ದೇಶದಲ್ಲಿ ತಯಾರಾದ ಪ್ರತಿಯೊಂದು ನಳಿಗೆಯೂ ಗಾರ್ದೋನೆಯ ಸರ್ಕಾರಿ ಪರೀಕ್ಷಾಶಾಲೆಗೆ ಹೋಗಿ, ವಾಡಿಕೆಗಿಂತ ಹೆಚ್ಚಿನ ಮದ್ದನ್ನು ತುಂಬಿ ಹಾರಿಸುವ ಪರೀಕ್ಷೆಯಲ್ಲಿ ಸಿಡಿಯದೆ ಉಳಿದ ಮೇಲೆ ಮಾತ್ರ ಮುದ್ರೆಯನ್ನು ಪಡೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನಕ್ಷತ್ರವೊಂದರ ಕೆಳಗೆ ಪಿ ಮತ್ತು ಎನ್ ಎಂಬೆರಡು ಅಕ್ಷರಗಳು ಕಾಣಿಸುತ್ತವೆ. ಇವು ಇಟಾಲಿಯನ್ ಭಾಷೆಯಲ್ಲಿ ಕರಿಮದ್ದಿಗೆ ಸಂಕೇತ. ಅದರ ಸಮೀಪದಲ್ಲಿಯೇ ಸಣ್ಣದೊಂದು ಚೌಕದೊಳಗೆ ಪರೀಕ್ಷೆ ನಡೆದ ವರ್ಷದ ಗುಪ್ತಾಕ್ಷರ ಇರುತ್ತದೆ. ೧೯೪೫ನ್ನು ಒಂದನೆಯ ವರ್ಷವೆಂದು ಹಿಡಿದು ರೋಮನ್ ಅಂಕಿಗಳಲ್ಲಿ ಎಣಿಸುತ್ತ ಬಂದ ಈ ಪದ್ಧತಿಯು, ಮೂವತ್ತನ್ನು ಸೂಚಿಸುವ ಮೂರು ಎಕ್ಸ್‌ಗಳೊಂದಿಗೆ ೧೯೭೪ರಲ್ಲಿ ಮುಗಿಯಿತು. ೧೯೭೫ರಿಂದ ಎರಡೆರಡು ಅಕ್ಷರಗಳ ಲೆಕ್ಕ ಮೊದಲಾಯಿತು. ಎಎ ಎಂದಿದ್ದರೆ ೧೯೭೫, ಎಬಿ ಎಂದಿದ್ದರೆ ೧೯೭೬, ಎಡಿ ಎಂದಿದ್ದರೆ ೧೯೭೮, ಎಜೆಡ್ ಎಂದಿದ್ದರೆ ೧೯೯೦, ಬಿಎ ಎಂದಿದ್ದರೆ ೧೯೯೧. ನಡುವಿನ ಕೆಲವು ಅಕ್ಷರಗಳನ್ನು ಬಿಟ್ಟಿರುವುದರಿಂದ ಬೆರಳೆಣಿಕೆಯಿಂದ ಲೆಕ್ಕ ಹಾಕಲು ಹೋಗದೆ, ಮುದ್ರೆಗಳ ಪಟ್ಟಿಯನ್ನು ನೋಡಿಯೇ ನಿರ್ಧರಿಸುವುದು ಲೇಸು. ಕಾಳಿನಷ್ಟು ಜಾಗದಲ್ಲಿ ಒತ್ತಿದ ಆ ಎರಡಕ್ಷರದಿಂದ ಕೋವಿಯ ಜನ್ಮಸಂವತ್ಸರವನ್ನೇ ಹೇಳಬಹುದೆಂಬುದು ಬಲ್ಲವನಿಗೆ ಎಷ್ಟು ಆನಂದವನ್ನು ಕೊಡುತ್ತದೆಂಬುದನ್ನು ಅನುಭವಿಸಿಯೇ ತಿಳಿಯಬೇಕು. ಸ್ಪೇನಿನ ಕೋವಿಗಳಿಗೆ ಐಬಾರಿನ ಪರೀಕ್ಷಾಶಾಲೆಯ ಮುದ್ರೆಗಳಿರುತ್ತವೆ. ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷಾಶಾಲೆ ಇಲ್ಲವಾದ್ದರಿಂದ ಅಲ್ಲಿಯೇ ತಯಾರಾದ ಕೋವಿಯ ಮೇಲೆ ಅಂಥ ಮುದ್ರೆಯನ್ನು ಹುಡುಕಿ ನಿರಾಶರಾಗಬೇಕಿಲ್ಲ. ಅಲ್ಲಿ ತಯಾರಕನ ಹೆಸರೇ ಆಧಾರ.

ಅಗ್ಗದ ಅನುಕೃತಿಗಳಲ್ಲಿ ಹೆಚ್ಚು ಮಂದಿಯ ಕೈಗೆ ಬೀಳುವುದು 'ಕೆಂಟಕಿ' ಎಂಬ ಹೆಸರಿನದು. ಮೂಲದ ಕೆಂಟಕಿ ರೈಫಲ್ ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಮೊದಲಾದ ಊರುಗಳಲ್ಲಿ ಬಂದು ನೆಲೆಸಿದ ಜರ್ಮನ್ ಕಮ್ಮಾರರ ಕುಲುಮೆಗಳಲ್ಲಿ. ನಾಲ್ವತ್ತು ಅಂಗುಲವನ್ನು ಮೀರಿದ ಸಣಕಲು ನಳಿಗೆ, ಬಾಯಿಯವರೆಗೂ ಒಂದೇ ತುಂಡಾಗಿ ಚಾಚಿದ ಮೇಪಲ್ ಮರದ ಹಿಡಿ, ಹಿಡಿಯ ಬುಡದ ಪಕ್ಕದಲ್ಲಿ ಹಿತ್ತಾಳೆಯ ಪೆಟ್ಟಿಗೆ ಇವು ಅದರ ಸೌಂದರ್ಯ. ಐಬಾರಿನ ಯೂಕಾರ್ ಕಾರ್ಖಾನೆಯಲ್ಲಿ ತಯಾರಾಗಿ, ೧೯೭೧ರಲ್ಲಿ ಸ್ಥಾಪಿತವಾದ ಕನೆಕ್ಟಿಕಟ್ ವ್ಯಾಲಿ ಆರ್ಮ್ಸ್ ಸಂಸ್ಥೆಯ ಮೂಲಕ ಅಮೆರಿಕದಲ್ಲಿ ಮಾರಾಟವಾದ ಅಗ್ಗದ ರೂಪದಲ್ಲಿ ನಳಿಗೆ ಗಿಡ್ಡ, ಸುಮಾರು ಮೂವತ್ಮೂರು ಅಂಗುಲ; ರಂಧ್ರ ೦.೪೫ ಅಂಗುಲ, ಎಂದರೆ ಹನ್ನೊಂದೂವರೆ ಮಿಲಿಮೀಟರಿಗೆ ತುಸು ಕಡಮೆ. ಮರದ ಹಿಡಿ ಒಂದೇ ತುಂಡಾಗಿರದೆ ಎರಡು ತುಂಡುಗಳಾಗಿದ್ದು, ಅವು ಕೂಡುವ ಸಂದನ್ನು ತೆಳ್ಳಗಿನ ಹಿತ್ತಾಳೆಯ ತಗಡೊಂದು ಮರೆಮಾಡುತ್ತದೆ. ನಳಿಗೆಯ ಕೆಳಗೆ, ಹಿಡಿಯ ನಡುಭಾಗದಲ್ಲಿ, ಈ ಹಿತ್ತಾಳೆಯ ಪಟ್ಟಿ ಕಂಡೊಡನೆಯೇ ಇದು ಆ ಸ್ಪ್ಯಾನಿಷ್ ವಂಶದ್ದೆಂದು ದೂರದಿಂದಲೇ ಹೇಳಬಹುದು. ಉದ್ದ ಮರ ದುಬಾರಿ, ಉದ್ದ ಪೆಟ್ಟಿಗೆಯನ್ನು ಸಾಗಿಸುವುದೂ ದುಬಾರಿ. ಎರಡು ತುಂಡು ಮಾಡಿದ್ದರಿಂದ ಎರಡೂ ಖರ್ಚು ಉಳಿಯಿತು. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ನಳಿಗೆ ನೇರವಾಗಿದ್ದು ಕುದುರೆಯ ಯಂತ್ರ ಬಿಗಿಯಾಗಿದ್ದರೆ ಆ ಸಂದಿನಿಂದ ಗುರಿಗೆ ಯಾವ ಕೇಡೂ ಇಲ್ಲ.

ಇವುಗಳಲ್ಲಿ ಹಲವನ್ನು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಕೊಂಡವನು ಮನೆಯಲ್ಲಿ ಮರವನ್ನು ತೀಡಿ, ಹಿತ್ತಾಳೆಯನ್ನು ಉಜ್ಜಿ, ನಳಿಗೆಗೆ ಬಣ್ಣ ಹಿಡಿಸಿ ಜೋಡಿಸಿಕೊಳ್ಳಬೇಕಾಗಿತ್ತು. ಈ ಕಾರಣದಿಂದ ಒಂದೇ ಕಾರ್ಖಾನೆಯ ಎರಡು ಕೋವಿಗಳಲ್ಲಿ ಒಂದು ಆಭರಣದಂತೆಯೂ ಇನ್ನೊಂದು ಬಾಚಿಯಲ್ಲಿ ಕೆತ್ತಿದಂತೆಯೂ ಇರುವುದು ಸಾಧ್ಯ. ಮರಗೆಲಸ ಒರಟಾಗಿದೆಯೆಂದು ನಳಿಗೆಯನ್ನು ಅನುಮಾನಿಸಬೇಕಾಗಿಲ್ಲ, ಏಕೆಂದರೆ ತಳದ ಬಿರಡೆಯನ್ನು ಹಾಕಿ ಪರೀಕ್ಷೆ ಮಾಡಿಸಿದ ಮೇಲೆಯೇ ನಳಿಗೆ ಪೆಟ್ಟಿಗೆಯನ್ನು ಸೇರುತ್ತಿತ್ತು. ಆದರೆ ಜೋಡಿಸಿದವನು ಅದಕ್ಕೆ ಹೊಸ ರಂಧ್ರ ಕೊರೆದಿದ್ದಾನೆಯೇ, ಬಿರಡೆಯನ್ನು ಸಡಿಲಿಸಿದ್ದಾನೆಯೇ ಎಂಬುದನ್ನು ನೋಡಬೇಕು. ಮುದ್ರೆಯು ಪರೀಕ್ಷೆಯ ದಿನದ ಸ್ಥಿತಿಗಷ್ಟೇ ಸಾಕ್ಷಿ. ಅನಂತರದ ತುಕ್ಕಿಗೂ ತಿದ್ದುಪಡಿಗೂ ಅದು ಹೊಣೆಯಲ್ಲ.

ಒಳಗೆ ಸುರುಳಿ ಸಾಲುಗಳಿಲ್ಲದ ನಯವಾದ ರಂಧ್ರದ ಸೈನಿಕ ಕೋವಿಗಳ ಅನುಕೃತಿಗಳೂ ಇವೆ. ಅವುಗಳಲ್ಲಿ ಬ್ರಿಟಿಷರ 'ಬ್ರೌನ್ ಬೆಸ್' ಪ್ರಸಿದ್ಧವಾದದ್ದು. ಇಟಲಿಯಲ್ಲಿ ಪೆದೆರ್ಸೋಲಿಯವರೂ ಜಪಾನಿನಲ್ಲಿ ಮಿರೋಕು ಸಂಸ್ಥೆಯವರೂ ಇದನ್ನು ಮಾಡಿದ್ದಾರೆ. ಇದರ ಮೂಲದಲ್ಲಿ ೪೬, ೪೨, ೩೯ ಅಂಗುಲಗಳ ಮೂರು ನಳಿಗೆಯ ಮಾದರಿಗಳಿದ್ದು, ಕೊನೆಯದಕ್ಕೆ 'ಇಂಡಿಯಾ ಪ್ಯಾಟರ್ನ್' ಎಂಬ ಹೆಸರು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನ್ಯಕ್ಕೆ ಅದನ್ನು ಮಾಡಿಸುತ್ತಿದ್ದುದರಿಂದ. ಫ್ರಾನ್ಸಿನೊಡನೆ ಯುದ್ಧ ಹತ್ತಿ ಕೋವಿಗಳಿಗೆ ಅಭಾವವಾದ ೧೭೯೦ರ ದಶಕದಲ್ಲಿ, ಎಂದರೆ ಶ್ರೀರಂಗಪಟ್ಟಣ ಬಿದ್ದ ದಶಕದಲ್ಲಿಯೇ, ಬ್ರಿಟಿಷ್ ಸರ್ಕಾರವೂ ಅದನ್ನೇ ಸ್ವೀಕರಿಸಿತು. ಅಳತೆಯ ಪಟ್ಟಿಯೊಂದನ್ನು ಹಿಡಿದರೆ ಅನುಕೃತಿಯು ಯಾವ ಮಾದರಿಯದೆಂದು ತಿಳಿಯುತ್ತದೆ. ಇವು ಕೆಂಟಕಿಯಷ್ಟು ಅಗ್ಗವಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಗುರುತು ಸಿಕ್ಕ ಮೇಲೆ ಆರೋಗ್ಯ ಪರೀಕ್ಷೆ. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದರೆ ಅದು ಎರಡು ಕಡೆ ನಿಲ್ಲಬೇಕು: ಅರ್ಧದಲ್ಲೊಮ್ಮೆ, ಪೂರ್ಣದಲ್ಲೊಮ್ಮೆ. ಅರ್ಧದ ನಿಲುಗಡೆಯಲ್ಲಿ ಟ್ರಿಗರನ್ನು ಎಷ್ಟು ಒತ್ತಿದರೂ ಕುದುರೆ ಬೀಳಕೂಡದು. ಬಿದ್ದರೆ ಒಳಗಿನ ಕಚ್ಚು ಸವೆದಿದೆ, ಕೋವಿಯನ್ನು ಅಲ್ಲಿಯೇ ಬಿಟ್ಟು ಬನ್ನಿ. ಪರೀಕ್ಷಿಸುವಾಗ ಕುದುರೆಯನ್ನು ಖಾಲಿ ಮೊಲೆಯ ಮೇಲೆ ಬಡಿಯಲು ಬಿಡದೆ ಹೆಬ್ಬೆರಳಿನಿಂದ ತಡೆದು ಇಳಿಸಬೇಕು. ಗಜದ ಪರೀಕ್ಷೆಯಿಂದ ಖಾಲಿಯೆಂದು ಖಚಿತವಾದ ನಳಿಗೆಯೊಳಗೆ ಸಣ್ಣ ದೀಪವನ್ನು ಇಳಿಬಿಟ್ಟು ನೋಡಿದರೆ ಸುರುಳಿ ಸಾಲುಗಳು ಅಂಚು ಮಾಸದೆ ಕಾಣಬೇಕು. ಬಿಳಿಯ ಬಟ್ಟೆಯನ್ನು ಗಜಕ್ಕೆ ಸುತ್ತಿ ಹಾಯಿಸಿದರೆ ಕೆಂಪು ತುಕ್ಕು ತುಸು ಬಂದರೂ ಚಿಂತೆಯಿಲ್ಲ, ಬಟ್ಟೆ ಒಂದೇ ಕಡೆ ಸಿಕ್ಕಿ ಹರಿಯುತ್ತಿದ್ದರೆ ಅಲ್ಲಿ ಲೋಹ ತಿಂದುಹೋಗಿದೆಯೆಂದು ತಿಳಿಯಬೇಕು. ಮೊಲೆಯ ತುದಿ ಜಜ್ಜಿದ್ದರೆ ಬದಲಿಸುವುದು ಸುಲಭ. ಸ್ಪೇನಿನ ಕೋವಿಗಳಿಗೆ ಸಾಮಾನ್ಯವಾಗಿ ಆರು ಮಿಲಿಮೀಟರಿನ, ಒಂದು ಮಿಲಿಮೀಟರು ಅಂತರದ ಸುತ್ತಿನ ಮೊಲೆಯೂ, ಅಮೆರಿಕದ ಥಾಂಪ್ಸನ್ ಸೆಂಟರ್ ಕೋವಿಗಳಿಗೆ ಕಾಲಂಗುಲದ, ಅಂಗುಲಕ್ಕೆ ಇಪ್ಪತ್ತೆಂಟು ಸುತ್ತಿನ ಮೊಲೆಯೂ ಹೊಂದುತ್ತವೆ. ನೋಟಕ್ಕೆ ಒಂದೇ ರೀತಿಯಿರುವ ಇವುಗಳನ್ನು ಅದಲುಬದಲು ಮಾಡಿ ಬಲವಂತದಿಂದ ತಿರುಗಿಸಿದರೆ ಸುತ್ತು ಹಾಳಾಗಿ, ಈಡು ಹಾರುವಾಗ ಮೊಲೆ ಕಳಚಿ ಮುಖಕ್ಕೆ ಬರುವ ಭಯವುಂಟು.

ಕಾನೂನಿನ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ. ಅಮೆರಿಕದ ೧೯೬೮ರ ಬಂದೂಕು ನಿಯಂತ್ರಣ ಕಾಯ್ದೆಯು ೧೮೯೮ರವರೆಗಿನ ಹಳೆಯ ಕೋವಿಗಳನ್ನೂ, ಆಧುನಿಕ ತೋಟಾ ಬಳಸದ ಅವುಗಳ ಅನುಕೃತಿಗಳನ್ನೂ ಪುರಾತನ ವರ್ಗಕ್ಕೆ ಸೇರಿಸಿರುವುದರಿಂದ ಕೇಂದ್ರ ಕಾನೂನಿನ ನಿರ್ಬಂಧಗಳು ಅವಕ್ಕೆ ಬಹುಮಟ್ಟಿಗೆ ತಗಲುವುದಿಲ್ಲ. ಸಂಸ್ಥಾನಗಳ ಕಾನೂನು ಒಂದರಂತೆ ಒಂದಿಲ್ಲ, ಕೆಲವು ಕಡೆ ಬಹಳ ಬಿಗಿಯಾಗಿವೆ. ಅಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಸಂಸ್ಥಾನದ ನಿಯಮವನ್ನು ವಿಚಾರಿಸಿಯೇ ಕೊಳ್ಳಬೇಕು, ಮತ್ತು ರಜೆಗೆ ಊರಿಗೆ ಬರುವಾಗ ಅದನ್ನು ಪೆಟ್ಟಿಗೆಯಲ್ಲಿಟ್ಟು ತರುವ ಯೋಚನೆಯನ್ನು ಮಾಡಲೇಬಾರದು. ಭಾರತದಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಈಡು ಹಾರಿಸಬಲ್ಲ ಕೋವಿಗೆ, ಅದು ಬಾಯಿಯಿಂದ ತುಂಬುವುದಾದರೂ, ಪರವಾನಗಿ ಬೇಕು; ನಮ್ಮ ರೈತರು ಬೆಳೆಯ ರಕ್ಷಣೆಗೆ ಇಟ್ಟುಕೊಂಡಿರುವ ಒಂಟಿ ನಳಿಗೆಯ ಕೇಪಿನ ಕೋವಿಗಳೂ ಪರವಾನಗಿಯ ಮೇಲೆಯೇ ಇವೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬಹುಕಾಲದಿಂದ ವಿನಾಯಿತಿಯಿರುವುದು ಸರಿಯೇ. ಕೈಲ್ ಮುಹೂರ್ತದ ಹಬ್ಬದಂದು ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗೊಳ್ಳುವ ಆ ಕೋವಿಗಳು ಮನೆತನದ ಬಾಳಿನೊಡನೆ ಬೆಸೆದುಕೊಂಡವು. ಆ ವಿನಾಯಿತಿ ಮಿಕ್ಕವರಿಗೆ ಅನ್ವಯಿಸುವುದಿಲ್ಲ.

ಇನ್ನು ಬಳಕೆ. ಇದರಲ್ಲಿ ಒಂದು ನಿಯಮಕ್ಕೆ ವಿನಾಯಿತಿಯೆಂಬುದಿಲ್ಲ: ಅಂಗಡಿಯಲ್ಲಿ ದೊರೆಯುವ ಕರಿಮದ್ದು, ಇಲ್ಲವೇ ತಯಾರಕನು ಅದಕ್ಕೆ ಬದಲಾಗಿ ಒಪ್ಪಿದ ಮದ್ದು, ಇವುಗಳ ಹೊರತು ಬೇರೆ ಯಾವುದನ್ನೂ ತುಂಬಕೂಡದು. ಹೊಗೆಯಿಲ್ಲದ ಆಧುನಿಕ ಮದ್ದನ್ನು ಚಿಟಿಕೆಯಷ್ಟು ಬೆರೆಸಿದರೂ ನಳಿಗೆ ಸೀಳಿ ಕೈ ಹೋಗಬಹುದು. ಕರಿಮದ್ದಿನ ಹರಳುಗಳನ್ನು ಎಫ್ ಅಕ್ಷರದಿಂದ ಅಳೆಯುತ್ತಾರೆ. ಅಕ್ಷರಗಳ ಸಂಖ್ಯೆ ಹೆಚ್ಚಿದಂತೆ ಹರಳು ಸಣ್ಣದು. ೦.೪೫ ಅಂಗುಲದ ಕೆಂಟಕಿಗೆ ಮೂರು ಎಫ್‌ನ ಮದ್ದು, ೦.೪೪ ಅಂಗುಲದ ಮೆತ್ತನೆಯ ಶುದ್ಧ ಸೀಸದ ಗುಂಡು, ಎಣ್ಣೆ ಸವರಿದ ಗಟ್ಟಿ ಹತ್ತಿಬಟ್ಟೆಯ ತುಂಡು ಇಷ್ಟು ಸಾಕು. ಮದ್ದಿನ ಪ್ರಮಾಣವನ್ನು ತಯಾರಕನ ಕೈಪಿಡಿಯಲ್ಲಿ ನೋಡಿ, ಅಲ್ಲಿ ಹೇಳಿದ ಅತ್ಯಲ್ಪ ಪ್ರಮಾಣದಿಂದ ಆರಂಭಿಸಬೇಕು. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯತಕ್ಕದ್ದಲ್ಲ. ಒಳಗೆ ಕಿಡಿಯೊಂದು ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಅಳತೆಯ ಬಟ್ಟಲಿಗೆ ಸುರಿದು, ಕೊಂಬನ್ನು ಮುಚ್ಚಿ ದೂರವಿಟ್ಟು, ಬಟ್ಟಲಿನಿಂದ ನಳಿಗೆಗೆ ಹಾಕಬೇಕು. ಗುಂಡು ಮದ್ದಿನ ಮೇಲೆ ಭದ್ರವಾಗಿ ಕೂರುವವರೆಗೂ ದೂಡಬೇಕು. ನಡುವೆ ಅಂತರ ಉಳಿದರೆ ನಳಿಗೆ ಉಬ್ಬುವ ಸಂಭವವುಂಟು. ಸರಿಯಾಗಿ ಕೂತಾಗ ಗಜ ಬಾಯಿಯಿಂದ ಎಷ್ಟು ಹೊರಗಿರುತ್ತದೆಂಬುದಕ್ಕೆ ಒಂದು ಗೆರೆ ಹಾಕಿಟ್ಟುಕೊಂಡರೆ ಪ್ರತಿಬಾರಿಯೂ ಊಹಿಸಬೇಕಾದ ಅಗತ್ಯವಿಲ್ಲ. ಕೇಪನ್ನು ಇಡುವುದು ಎಲ್ಲಕ್ಕೂ ಕೊನೆಗೆ, ಕೋವಿಯನ್ನು ಗುರಿಯತ್ತ ತಿರುಗಿಸಿದ ಮೇಲೆ. ಕೇಪು ಹೊಡೆದೂ ಈಡು ಹಾರದಿದ್ದರೆ ಬಾಯಿಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷಕ್ಕೆ ಕಡಮೆಯಿಲ್ಲದಂತೆ ಕಾಯಬೇಕು. ಮದ್ದು ಒಳಗೆ ಹೊಗೆಯಾಡುತ್ತಿದ್ದು ತಡವಾಗಿ ಹಾರುವುದುಂಟು.

ಹೀಗೆ ಒಂದೊಂದು ಈಡಿಗೂ ಅಷ್ಟಷ್ಟು ಕಾಲವನ್ನೂ ಗಮನವನ್ನೂ ಕೊಡಬೇಕಾಗಿ ಬರುವುದೇ ಈ ಹವ್ಯಾಸದ ಸುಖದ ಬೇರು. ಬಿಳಿಯ ಹೊಗೆಯ ಮೋಡವೊಂದು ಎದ್ದು ಗುರಿಯನ್ನೇ ಮರೆಮಾಡುತ್ತದೆ. ಅದು ಗಾಳಿಗೆ ಸರಿಯುವವರೆಗೆ ತಾಳ್ಮೆಯಿಂದ ನಿಲ್ಲಬೇಕು. ಆ ಬಳಿಕ ಗುರಿಹಲಗೆಯನ್ನು ನೋಡಲು ಹೋಗುವ ಮುಂಚೆ, ಹಲವು ಹೆಜ್ಜೆ ಮುಂದೆ ನೆಲದ ಮೇಲೆ ಬಿದ್ದಿರುವ ಬಟ್ಟೆಯ ತುಂಡನ್ನು ಹುಡುಕಿ ಎತ್ತಿಕೊಳ್ಳಬೇಕು. ಗುಂಡನ್ನು ಅಪ್ಪಿಕೊಂಡು ನಳಿಗೆಯುದ್ದಕ್ಕೂ ಸಾಗಿ ಹೊರಬಂದ ಆ ಚೂರಿನಲ್ಲಿ, ಒಳಗೆ ನಡೆದುದೆಲ್ಲ ಬರೆದಿರುತ್ತದೆ. ನಡುವೆ ಮಸಿಯ ದುಂಡನೆಯ ಗುರುತು, ಅದರ ಸುತ್ತ ಸುರುಳಿ ಸಾಲುಗಳ ಅಚ್ಚು ಒಂದೇ ಅಂತರದಲ್ಲಿ ಮೂಡಿ, ಅಂಚು ತುಸುವೇ ಜೂಲಾಗಿದ್ದರೆ ಮದ್ದು, ಗುಂಡು, ಬಟ್ಟೆ ಮೂರಕ್ಕೂ ಹೊಂದಾಣಿಕೆಯಿದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಅಥವಾ ಮದ್ದು ಹೆಚ್ಚಾಯಿತು, ಅಥವಾ ಎಣ್ಣೆ ಸಾಲದು. ಸಾಲುಗಳ ಗುರುತಿನಗುಂಟ ಕತ್ತರಿಯಿಂದ ಕತ್ತರಿಸಿದಂತೆ ಸೀಳಿದ್ದರೆ, ಹೊಸ ನಳಿಗೆಯೊಳಗಿನ ಅಂಚುಗಳು ಇನ್ನೂ ಹರಿತವಾಗಿವೆ; ಅಗ್ಗದ ಅನುಕೃತಿಗಳಲ್ಲಿ ಇದು ಪದೇ ಪದೇ ಕಾಣುವ ಲಕ್ಷಣ, ಬಳಸುತ್ತ ಹೋದಂತೆ ಅಂಚು ಮೆದುವಾಗಿ ಸರಿಹೋಗುತ್ತದೆ. ಸಾಲುಗಳ ಅಚ್ಚೇ ಮೂಡಿಲ್ಲದಿದ್ದರೆ ಬಟ್ಟೆ ತೆಳು, ಗುಂಡು ಸಡಿಲ. ಈ ಓದಿನ ಆಧಾರದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ, ಕೈಪಿಡಿಯ ಮಿತಿಯೊಳಗೇ ಮದ್ದನ್ನು ಐದೈದು ಗ್ರೇನ್ ಏರಿಸಿ ಇಳಿಸಿ ನೋಡುತ್ತ, ಇಪ್ಪತ್ತೈದು ಗಜ ದೂರದಿಂದ ಐವತ್ತು ಗಜಕ್ಕೆ ಸರಿಯುತ್ತ ಹೋದರೆ, ಮೊದಲ ದಿನ ಹಲಗೆಯ ತುಂಬ ಚೆದರಿದ್ದ ಗುಂಡುಗಳು ಕ್ರಮೇಣ ಒಂದೆಡೆಗೆ ಬಂದು ಕೂಡುವುದನ್ನು ಕಾಣಬಹುದು. ಗ್ರೇನ್ ಎಂಬುದು ಏಳು ಸಾವಿರಕ್ಕೆ ಒಂದು ಪೌಂಡಾಗುವ ಸೂಕ್ಷ್ಮ ತೂಕ. ಅಷ್ಟು ಸೂಕ್ಷ್ಮವಾದ ಭೇದಕ್ಕೆ ಆ ಸಾಧಾರಣ ನಳಿಗೆ ಓಗೊಡುವುದನ್ನು ಕಂಡಾಗ ಅದರ ಮೇಲೆ ಗೌರವ ಹುಟ್ಟುತ್ತದೆ. ಅನುಕೃತಿಗಳಿಗೆ ಸ್ಪರ್ಧೆಯಲ್ಲಿ ಸ್ಥಾನವಿಲ್ಲವೆಂದೂ ಭಾವಿಸಬೇಕಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿಯೇ, ಅವುಗಳನ್ನು ನಡೆಸುವ ಮಜಲ್ ಲೋಡರ್ಸ್ ಸಂಘಗಳ ಸಮಿತಿಯು ಮೂಲ ಕೋವಿಗಳಿಗೂ ಅನುಕೃತಿಗಳಿಗೂ ಪ್ರತ್ಯೇಕ ವರ್ಗಗಳನ್ನಿಟ್ಟಿದೆ.

ಚಕಮಕಿ ಕೋವಿಯನ್ನು ಆರಿಸಿಕೊಂಡವರಿಗೆ ಒಂದು ಹೆಚ್ಚಿನ ಮಾತು. ಅಗ್ಗದ ಚಕಮಕಿಗಳಲ್ಲಿ ಕೆಡುವುದು ಬಹುಪಾಲು ಕಲ್ಲು ಬಡಿಯುವ ಉಕ್ಕಿನ ಮುಚ್ಚಳ. ಅದರ ಮೈ ಮೆತುವಾಗಿದ್ದರೆ ಕಲ್ಲು ಆಳವಾಗಿ ಗೀರುತ್ತದೆ, ಕಿಡಿ ಮಾತ್ರ ಹುಟ್ಟುವುದಿಲ್ಲ. ಕೊಳ್ಳುವ ಮೊದಲು, ಮದ್ದಿಲ್ಲದೆ, ಕತ್ತಲೆಯ ಮೂಲೆಯಲ್ಲಿ ಒಮ್ಮೆ ಹೊಡೆದು ನೋಡಿರಿ: ಬಿಳಿ ಹಳದಿಯ ಕಿಡಿಗಳು ರಂಜಕದ ಬಟ್ಟಲಿಗೆ ಬಿದ್ದು ಸದ್ದು ಮಾಡಿದರೆ ಒಳ್ಳೆಯದು, ಕೆಂಪಗೆ ಒಂದೆರಡು ಚಿಮ್ಮಿ ಆರಿದರೆ ಮುಚ್ಚಳಕ್ಕೆ ಮತ್ತೆ ಪುಟ ಹಾಕಿಸಬೇಕು. ಹೊಸಬರಿಗೆ ಕೇಪಿನದೇ ಹಿತ.

ಕೊನೆಯ ಕೆಲಸ ತೊಳೆಯುವುದು. ಕರಿಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆಯಾದ್ದರಿಂದ ನಾಳೆಗೆಂದು ಬಿಡುವಂತಿಲ್ಲ. ಹಾರಿಸಿದ ದಿನವೇ ಆಗಬೇಕು. ಮೊಲೆಯನ್ನು ಬಿಚ್ಚಿ, ಬೆಚ್ಚಗಿನ ಸಾಬೂನು ನೀರಿನಲ್ಲಿ ನಳಿಗೆಯ ತಳವನ್ನಿಟ್ಟು, ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ನೀರು ತಳದ ರಂಧ್ರದಿಂದ ಒಳಕ್ಕೂ ಹೊರಕ್ಕೂ ಹಾಯ್ದು ಕಿಟ್ಟವನ್ನು ಬಿಡಿಸುತ್ತದೆ. ಕೆಲವು ಕೋವಿಗಳಲ್ಲಿ ನಳಿಗೆ ಬೆಣೆಯೊಂದನ್ನು ತೆಗೆದೊಡನೆಯೇ ಕಳಚಿ ಕೈಗೆ ಬರುತ್ತದೆ. ಕೆಂಟಕಿಯಲ್ಲಿ ಅದನ್ನು ಹಿಡಿಗೆ ಸಣ್ಣ ಮೊಳೆಗಳಿಂದ ಬಂಧಿಸಿರುವುದರಿಂದ ಪ್ರತಿಸಲವೂ ಬಿಚ್ಚಿದರೆ ಮರ ಒಡೆಯುತ್ತದೆ, ಹಾಗೆಯೇ ನಿಲ್ಲಿಸಿ ಬಾಯಿಯಿಂದ ನೀರು ಹೊಯ್ದು ತೊಳೆಯುವುದು ಉಚಿತ. ಬಟ್ಟೆ ಬಿಳುಪಾಗಿಯೇ ಹೊರಬರುವವರೆಗೆ ಒರಸಿ, ತೇವವಿಲ್ಲದಂತೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಬಾಯಿಯನ್ನು ಕೆಳಗೆ ಮಾಡಿ ಒರಗಿಸಬೇಕು. ಹೆಚ್ಚಿನ ಎಣ್ಣೆ ತಳಕ್ಕಿಳಿದು ನಿಂತರೆ ಮುಂದಿನ ಈಡಿನ ಮದ್ದನ್ನು ಕೆಡಿಸುತ್ತದೆ. ಮಾರನೆಯ ದಿನ ಒಣ ಬಟ್ಟೆಯೊಂದನ್ನು ಮತ್ತೊಮ್ಮೆ ಹಾಯಿಸಿ ನೋಡುವುದು ಅವಶ್ಯ: ಅದರಲ್ಲಿ ಕಂದು ಬಣ್ಣ ಕಂಡರೆ ಸಾಲುಗಳ ಸಂದಿನಲ್ಲಿ ಕಿಟ್ಟ ಉಳಿದಿದೆ, ಮೊದಲಿನಿಂದ ತೊಳೆಯಬೇಕು.